ಹೋಗಿ ಬಂದದ್ದಕ್ಕೊಂದು ಗುರುತು

ಎಲ್ಲದಕ್ಕೂ ಕಾರಣ ಒಂದು ಮಲ್ಲಿಗೆ ಗಿಡ. ಆರು ವರ್ಷದ ಹಿಂದೆ ಮದುವೆಯಾಗಿ ಬರುವಾಗ ಮುಕ್ತಾ ಅದನ್ನು ತನ್ನ ತವರು ಬೈಲಹೊಂಗಲದಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು, ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ಪುಣೆಯ ಹಡಪಸರದಲ್ಲಿ, ಸಾಲುಮನೆಗಳ ಚಾಳಿನ ಬಾಗಿಲಲ್ಲಿ ಎಣ್ಣೆ ಡಬ್ಬಿಯೊಳಗೇ ಅದು ಬೆಳೆದು, ಕಿಟಕಿಯ ಸರಳು ಹಿಡಿದು, ಸೂರಿನವರೆಗೆ ಹೋಗಿತ್ತು. ಹೋದ ಭಾನುವಾರ ಅವಳ ಗಂಡ ಗೂಳಪ್ಪ ಕುಡಿದು ಬಂದವನು, ಮನೆಗೂ ಕೆಲಸದ ಜಾಗಕ್ಕೂ ವ್ಯತ್ಯಾಸ ತಿಳಿಯದೆ, ಚೀಲದಿಂದ ಕತ್ತರಿ ತೆಗೆದು ಗಿಡವನ್ನು ಮೊಳಕಾಲೆತ್ತರಕ್ಕೆ ಕತ್ತರಿಸಿ ಹಾಕಿದ.

ಕೆಲಸ ಮಾತ್ರ ಅಚ್ಚುಕಟ್ಟು. ಗೂಳಪ್ಪ ಮಗರಪಟ್ಟಾದ ಎತ್ತರದ ಕಟ್ಟಡಗಳ ನಡುವಿನ ತೋಟದ ಮುಕಾದಮ. ಅವನ ಕೈಕೆಳಗೆ ಎಂಟು ಜನ ಮಾಲಿಗಳು. ಅವನು ಬೇಲಿ ಕತ್ತರಿಸಿದರೆ ನೂಲು ಹಿಡಿದು ಗೆರೆ ಎಳೆದ ಹಾಗಿರುತ್ತಿತ್ತು. ಸೋಮವಾರ ಬೆಳಿಗ್ಗೆ ಎದ್ದು ಹಲ್ಲುಜ್ಜುತ್ತ ಬಾಗಿಲಿಗೆ ಬಂದವನು ಗಿಡ ನೋಡಿ ಮೆಚ್ಚಿಕೊಂಡ.

"ಇದನ್ನ ಯಾರು ಕತ್ತರಿಸ್ಯಾರ? ಕೈ ಭಾಳ ಚಲೋ ಅದ."

ಮುಕ್ತಾ ಅವನ ಮುಖ ನೋಡಿದಳು. ಕತ್ತರಿ ನೋಡಿದಳು. ಒಳಗೆ ಹೋದಳು. ಅವಳು ಬೈದಿದ್ದರೆ ಅವನು ಆ ಸಿಟ್ಟಿಗೇ ಸಂಜೆ ಕುಡಿಯುತ್ತಿದ್ದ. ಬೈಯಲಿಲ್ಲ. ಆರು ದಿನ ಒಂದು ಮಾತೂ ಆಡಲಿಲ್ಲ. ಆ ಹೆದರಿಕೆಗೆ ಅವನು ಆರು ದಿನ ಕುಡಿಯಲಿಲ್ಲ.

ಶನಿವಾರ ಬೆಳಿಗ್ಗೆ ಬಾಗಿಲ ಹತ್ತಿರ ಒಂದು ಚೀಲ ತುಂಬಿ ನಿಂತಿತ್ತು. ನಾಲ್ಕು ಮನೆ ಆಚೆ ಇರುವ ಮುಕ್ತಾಳ ಸೋದರಮಾವ ಚಂದ್ರಪ್ಪ, ಅವನ ಹೆಂಡತಿ ಶಾಮಲಾಬಾಯಿ, ಇಬ್ಬರೂ ಬಂದು ಕೂತಿದ್ದರು. ಚಂದ್ರಪ್ಪ ಖಡಕಿಯ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತನಾದವನು. ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಧೋತರ. ಚಾಳಿನ ಕನ್ನಡದವರಿಗೆಲ್ಲ ಅವನೇ ನ್ಯಾಯಾಧೀಶ. ನಲ್ಲಿಯ ಸರದಿಯ ಜಗಳದಿಂದ ಹಿಡಿದು ಅಣ್ಣತಮ್ಮಂದಿರ ಪಾಲಿನವರೆಗೆ ಅವನು ಹೇಳಿದ್ದೇ ಕೊನೆ. ಏಣಿ ಎರವಲು ಕೊಟ್ಟರೂ ಸಹಿ ಮಾಡಿಸಿಕೊಳ್ಳಬೇಕು ಎನ್ನುವ ಮನುಷ್ಯ. ವಾರಕ್ಕೊಮ್ಮೆ, ಶನಿವಾರ ಸಂಜೆ, ತಪ್ಪದೆ ಊರ ನಡುವಿನ ಕ್ಯಾಂಪ್ ಪೇಟೆಯ ಕಡೆ ಪ್ರವಚನಕ್ಕೆ ಹೋಗುತ್ತಿದ್ದ.

"ನಾಳೆ ಮುಂಜಾನೆ ಆರರ ಗಾಡಿಗೆ ಊರಿಗೆ ಹೊಂಟೀನಿ ಮಾಮಾ," ಎಂದಳು ಮುಕ್ತಾ. "ಹೇಳದ ಹೋದ್ರ ತಪ್ಪಾಗತದಂತ ಕರದೆ."

"ಆರು ದಿನಾ ಆತ್ರಿ ಮಾಮಾ, ಮುಟ್ಟಿಲ್ಲ," ಎಂದ ಗೂಳಪ್ಪ.

ಮುಕ್ತಾ ಗೋಡೆಗೆ ಹೇಳಿದಳು: "ಹೋದ ವರ್ಷ ಹನ್ನೊಂದು ದಿನಾ ಮುಟ್ಟಿದ್ದಿಲ್ಲ. ಹನ್ನೆರಡನೇ ದಿನಾ ಅಷ್ಟೂ ದಿನದ್ದು ಕೂಡಿಸಿ ಕುಡದ್ರು."

ಚಂದ್ರಪ್ಪ ಸ್ವಲ್ಪ ಹೊತ್ತು ಧೋತರದ ಅಂಚು ಸರಿಮಾಡಿಕೊಂಡ. ಆಮೇಲೆ, "ಒಂದ ಸಭಾ ಅದಂತ. ಕುಡಿಯೂದು ಬಿಡಬೇಕು ಅನ್ನೋರು ಕೂಡಿ ಮಾತಾಡ್ತಾರಂತ. ಎಲ್ಲೋ ಪೇಪರಿನ್ಯಾಗ ಓದಿದ್ದೆ," ಎಂದು ಮೇಲೆ ಸೂರು ನೋಡುತ್ತ ಹತ್ತು ಅಂಕಿಯ ಫೋನ್ ನಂಬರು ತಡವರಿಸದೆ ಹೇಳಿದ. "ಇವತ್ತ ಸಂಜೀಕ ಹೋಗಿ ಬಾ."

"ಹೋಗಿ ಬಂದೆ ಅಂತ ಬಾಯಿಲೆ ಹೇಳಿದ್ರ ನಡಿಯೂದಿಲ್ಲ," ಎಂದಳು ಮುಕ್ತಾ, ಮತ್ತೆ ಗೋಡೆಗೇ. "ದವಾಖಾನಿಗೆ ಹೋದ್ರ ಚೀಟಿ ಕೊಡ್ತಾರ. ರೇಶನ್ನಿಗೆ ಹೋದ್ರ ಸಿಕ್ಕಾ ಹೊಡಿತಾರ. ಹೋಗಿ ಬಂದದ್ದಕ್ಕ ಏನರೆ ಒಂದ ಗುರ್ತು ತರ್ರಿ. ತಂದ್ರ ಚೀಲಾ ಬಿಚ್ಚತೀನಿ."

"ಕಾಗದ ಗೀಗದ ಯಾಕವಾ," ಎಂದ ಚಂದ್ರಪ್ಪ. "ಮನಶ್ಯಾನ ಮಾತಿಗೂ ಒಂದ ಬೆಲಿ ಇರತದಲ್ಲ."

ಶಾಮಲಾಬಾಯಿ ತಿರುಗಿ ಗಂಡನನ್ನು ನೋಡಿದಳು. "ಏಣಿಗೆ ಸಹಿ ಬೇಕು, ಇದಕ್ಕ ಬ್ಯಾಡೇನ್ರಿ? ಈಗೀಗ ಭಾಳ ಮೆತ್ತಗಾಗಾಕತ್ತೀರಿ ನೀವು."

ಗೂಳಪ್ಪನಿಗೆ ಒಂದೇ ಚಿಂತೆ. ಇದು ಯಾರಿಗೂ ತಿಳಿಯಬಾರದು. ಅವನು ಕುಡಿಯುವುದು ಚಾಳಿಗೆಲ್ಲ ಗೊತ್ತು, ಅದರಲ್ಲಿ ಮುಚ್ಚುಮರೆ ಇರಲಿಲ್ಲ. ಬಿಡಲು ಹೊರಟಿದ್ದಾನೆ ಎಂದು ಗೊತ್ತಾದರೆ ಮಾತ್ರ ಕಷ್ಟ. ನಾಳೆ ಬಿಡಲಾಗದಿದ್ದರೆ, ಬಿಡಲಾಗಲಿಲ್ಲ ಎಂಬುದೂ ಗೊತ್ತಾಗುತ್ತದೆ. ಅದರಲ್ಲೂ ಪಕ್ಕದ ಮನೆಯ ಲೋಕನಾಥನಿಗೆ ತಿಳಿಯಬಾರದು. ಲೋಕನಾಥ ಕೆಟ್ಟವನಲ್ಲ. ಬೇರೆಯವರ ಮನೆಯ ಹಾಲು ಉಕ್ಕಿದರೆ ತಾನೇ ಓಡಿಹೋಗಿ ಒಲೆ ಆರಿಸಿ, ಆಮೇಲೆ ಹತ್ತು ಮನೆಗೆ ಹಾಲು ಉಕ್ಕಿದ್ದನ್ನು ಹೇಳಿ ಬರುವವನು.

ಕೆಲಸಕ್ಕೆ ಹೋಗಿ, ಗೊಬ್ಬರದ ಗುಂಡಿಯ ಹಿಂದೆ ಯಾರೂ ಇಲ್ಲದ ಕಡೆ ನಿಂತು ಗೂಳಪ್ಪ ಫೋನು ಹಚ್ಚಿದ. ಆ ಕಡೆಯದು ವಯಸ್ಸಾದ ದನಿ, ನಿಧಾನದ ಮರಾಠಿ. ಹೆಸರು ಕೇಳಲಿಲ್ಲ. ಎಲ್ಲಿಂದ ಬರುತ್ತೀರಿ ಎಂದಷ್ಟೇ ಕೇಳಿ, ದಾರಿ ಹೇಳತೊಡಗಿತು.

"ಪೂಲ್ ಗೇಟಿನಲ್ಲಿ ಇಳಿಯಿರಿ. ಅಲ್ಲಿಂದ ಹಳೆಯ ಪುಸ್ತಕದ ಅಂಗಡಿ ಗೊತ್ತೇ?"

"ಇಲ್ಲ."

"ಕಣ್ಣಿನ ದವಾಖಾನೆ?"

"ಇಲ್ಲ."

"ಹೋಗಲಿ, ಚರ್ಚು?"

"ಯಾವ ಚರ್ಚು?"

ಆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಆಮೇಲೆ ದನಿ ತಗ್ಗಿತು. "ಜಲಸಾಗರ ಗೊತ್ತೇ?"

"ಪರ್ಮಿಟ್ ರೂಮು, ಬಾರಲ್ಲವೇ? ಗೊತ್ತು."

"ಅಲ್ಲಿಂದ ಎಡಕ್ಕೆ ಗುಲಶನ್ ಬಾರು?"

"ಗೊತ್ತು."

"ಮುಂದಕ್ಕೆ ಸಿಲ್ವರ್ ಮೂನ್?"

"ಮಹಡಿಯ ಮೇಲಿನ ಫ್ಯಾನು ತಿರುಗುವುದಿಲ್ಲ. ಅದೇ ತಾನೇ? ನಾನು ಹೋಗಿ ಎರಡು ವರ್ಷ ಆಯಿತು."

"ಅದೇ, ಅದೇ," ಎಂದಿತು ದನಿ. ಬಹಳ ದಿನದ ಮೇಲೆ ಊರಿನವರ ಸುದ್ದಿ ಕೇಳಿದ ಹಾಗಿತ್ತು ಅದು. "ಆ ಫ್ಯಾನು ಇನ್ನೂ ಹಾಗೇ ಇತ್ತೇ? ಇರಲಿ. ಸಿಲ್ವರ್ ಮೂನಿನ ಪಕ್ಕದ ಸಂದಿಯಲ್ಲಿ ಹೊಕ್ಕರೆ ಶಾಲೆಯ ಹಿಂಬಾಗಿಲು. ಮೇಲಿನ ಕೋಣೆ. ಐದು ಗಂಟೆಗೆ. ಬೋರ್ಡು ಇರುವುದಿಲ್ಲ. ಒಂದು ಮಾತು ಹೇಳಿಬಿಡುತ್ತೇನೆ. ನಾನು ಆ ದಾರಿಯಲ್ಲಿ ಬರುವುದಿಲ್ಲ. ಸುತ್ತುಹಾಕಿ ಬರುತ್ತೇನೆ. ಹದಿನಾಲ್ಕು ವರ್ಷ ಆಯಿತು. ನಿಮಗೆ ಬೇರೆ ದಾರಿ ಗೊತ್ತಿಲ್ಲ, ಅದಕ್ಕೇ ಇದನ್ನು ಹೇಳಿದೆ. ಹುಷಾರಾಗಿ ಬನ್ನಿ."

ಗೂಳಪ್ಪ ಫೋನು ಕಿಸೆಗಿಟ್ಟ. ಇಪ್ಪತ್ತು ವರ್ಷ ಪುಣೆಯಲ್ಲಿದ್ದು ತಾನು ಗುರುತು ಮಾಡಿಕೊಂಡದ್ದು ಇಷ್ಟೇ ಊರನ್ನೇನು ಎಂದು ಅವನಿಗೇ ನಾಚಿಕೆಯಾಯಿತು.

ನಾಲ್ಕರ ಹೊತ್ತಿಗೆ ಮಗರಪಟ್ಟಾದ ಗೇಟಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಒಂದು ಬೈಕು ಬಂದು ನಿಂತಿತು. ಒಂಬತ್ತನೇ ಮಹಡಿಯ ಮನೋಜ, ಮೈಸೂರಿನ ಹುಡುಗ, ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಅವನ ಬಾಲ್ಕನಿಯ ತುಳಸಿ ಒಣಗಿದಾಗ ಗೂಳಪ್ಪನೇ ಮಣ್ಣು ಬದಲಾಯಿಸಿ ಬದುಕಿಸಿಕೊಟ್ಟಿದ್ದ.

"ಎಲ್ಲಿಗೆ ಅಂಕಲ್? ಕ್ಯಾಂಪಾ? ನಾನೂ ಆ ಕಡೆನೇ, ಹತ್ಕೊಳ್ಳಿ ಹತ್ಕೊಳ್ಳಿ."

ಪೂಲ್ ಗೇಟು ದಾಟುವಾಗ ಮನೋಜ ಕತ್ತು ತಿರುಗಿಸಿ ಕೇಳಿದ. "ಎಕ್ಸಾಕ್ಟಾಗಿ ಎಲ್ಲಿ ಡ್ರಾಪ್ ಮಾಡ್ಲಿ?"

ಗೂಳಪ್ಪ ಬಹಳ ಯೋಚಿಸಿದ. ಬೇರೆ ಹೆಸರು ಒಂದೂ ಹೊಳೆಯಲಿಲ್ಲ. "ಜಲಸಾಗರದ ಮುಂದ ಬಿಡ್ರಿ."

"ಅದೇನು, ಹೋಟೆಲ್ಲಾ?"

"ಪರ್ಮಿಟ್ ರೂಮು."

ಮನೋಜ ನಕ್ಕ ನಗೆಗೆ ಬೈಕು ಅಲುಗಾಡಿತು. "ಸೂಪರ್ ಅಂಕಲ್! ವೀಕೆಂಡ್ ಅಂದ್ರೆ ಹಿಂಗಿರ್ಬೇಕು ನೋಡಿ. ನಾವು ಲ್ಯಾಪ್‌ಟಾಪ್ ಮುಂದೆ ಸಾಯ್ತಿದೀವಿ." ಜಲಸಾಗರದ ಮುಂದೆ ಇಳಿಸಿದವನು ಹಾಗೇ ಹೋಗಲಿಲ್ಲ. ಗೂಳಪ್ಪನ ಹೆಗಲ ಮೇಲೆ ಕೈಹಾಕಿ, ಬೋರ್ಡು ಪೂರ್ತಿ ಕಾಣುವ ಹಾಗೆ ಒಂದು ಸೆಲ್ಫಿ ತೆಗೆದುಕೊಂಡು, ಅಲ್ಲೇ ಸ್ಟೇಟಸ್‌ಗೆ ಹಾಕಿ, ಹಾರ್ನ್ ಬಾರಿಸುತ್ತ ಹೋದ.

ಜಲಸಾಗರದ ಬಾಗಿಲು ಕಾಯುವವನು ಸಲಾಮು ಹೊಡೆದ. ಗೂಳಪ್ಪನೂ ಅಭ್ಯಾಸದಿಂದ ಹೊಡೆದ. ಆದರೆ ಕಾಲನ್ನು ಎಡಕ್ಕೆ ತಿರುಗಿಸಿಕೊಂಡು, ಹಗ್ಗ ಹಿಡಿದು ಎತ್ತನ್ನು ಎಳೆದ ಹಾಗೆ ತನ್ನನ್ನು ತಾನೇ ಎಳೆದುಕೊಂಡು ಮುಂದೆ ನಡೆದ.

ಗುಲಶನ್ ಬಾರಿನ ಮುಂದೆ ಬಂದಾಗ ಒಂದು ಉಪಾಯ ಮಾಡಿದ. ಅದಕ್ಕೆ ಬೆನ್ನು ಮಾಡಿ ನಿಂತ. ಎದುರಿಗೆ ಕಲ್ಲಿನ ದೊಡ್ಡ ಚರ್ಚು. ಅದರ ಅಂಗಳದಲ್ಲಿ ನೂರು ವರ್ಷದ್ದಿರಬಹುದು, ಒಂದು ಮಳೆಮರ. ಅರ್ಧ ರಸ್ತೆಗೆ ಅದರದೇ ನೆರಳು. ಗೂಳಪ್ಪ ಬೆರಗಾಗಿ ನೋಡಿದ. ಗಿಡಮರಗಳನ್ನು ನಂಬಿ ಹೊಟ್ಟೆ ಹೊರೆಯುವವನು ತಾನು. ಎಷ್ಟು ವರ್ಷ ಈ ಬಾರಿಗೆ ಬಂದಿದ್ದರೂ ಇಷ್ಟು ದೊಡ್ಡ ಮರ ಕಣ್ಣಿಗೆ ಬಿದ್ದಿರಲಿಲ್ಲ. ಬರುವಾಗ ಬಾಗಿಲ ಕಡೆ ಮುಖ, ಹೋಗುವಾಗ ನೆಲದ ಕಡೆ.

ಸಿಲ್ವರ್ ಮೂನ್ ಮಾತ್ರ ಸಿಗಲಿಲ್ಲ. ಅದು ಇರಬೇಕಾದ ಜಾಗದಲ್ಲಿ ಗಾಜಿನ ಕಪಾಟು, ಒಳಗೆ ಬಣ್ಣಬಣ್ಣದ ಕೇಕು. ಪಕ್ಕದಲ್ಲಿ ಸಂದಿಯೂ ಕಾಣಲಿಲ್ಲ. ಎರಡು ಸಲ ಆ ತುದಿಯಿಂದ ಈ ತುದಿಗೆ ಓಡಾಡಿದ. ನಾಲ್ಕೂವರೆ ದಾಟಿತ್ತು. ಕಡೆಗೆ ಮೂಲೆಯ ಪಾನಿನ ಅಂಗಡಿಯ ಮುದುಕನನ್ನು, ಸುತ್ತಮುತ್ತ ನೋಡಿ, ತಗ್ಗಿದ ದನಿಯಲ್ಲಿ ಕೇಳಿದ.

"ಸಿಲ್ವರ್ ಮೂನ್ ಎಲ್ಲಿ?"

ಮುದುಕನ ಮುಖದಲ್ಲಿ ಕರುಣೆ ಮೂಡಿತು. ಪಾಪ, ದೂರದಿಂದ ಬಂದಿದ್ದಾನೆ, ಬಾಯಿ ಒಣಗಿದೆ ಎಂದು ತಿಳಿದುಕೊಂಡ. ಅದು ಬೇರೆ ಕಡೆ ಹೋಗಿದೆ, ಹೇಳಿದರೆ ತಿಳಿಯುವುದಿಲ್ಲ, ತೋರಿಸುತ್ತೇನೆ ಎಂದು ಅಂಗಡಿಯಿಂದ ಇಳಿದು ಗೂಳಪ್ಪನ ಕೈ ಹಿಡಿದ. "ಅಲ್ಲ ಅಜ್ಜಾ, ನನಗೆ ಅದು ಬೇಡ, ಅದರ ಪಕ್ಕದ ಸಂದಿ ಬೇಕು," ಎಂದು ಗೂಳಪ್ಪ ಮರಾಠಿಯಲ್ಲಿ ಎರಡು ಸಲ ಹೇಳಿದ. "ಮೊದಮೊದಲು ಎಲ್ಲರೂ ಹಾಗೇ ಹೇಳುವುದು," ಎಂದ ಮುದುಕ. ಎರಡು ಗಲ್ಲಿ ದಾಟಿಸಿ, ಹೊಸ ಸಿಲ್ವರ್ ಮೂನಿನ ಮೆಟ್ಟಿಲು ಹತ್ತಿಸಿ, ಒಳಗೆ ತಳ್ಳಿಯೇ ಹಿಂತಿರುಗಿದ.

ಒಳಗೆ ತಂಪು. ಇಲ್ಲಿ ಫ್ಯಾನು ತಿರುಗುತ್ತಿತ್ತು. ಮಿಥುನ ಎಂಬ ಹಳೆಯ ವೇಟರು ಗೂಳಪ್ಪನನ್ನು ಕಂಡವನೇ ಹಲ್ಲು ಬಿಟ್ಟ. ಎರಡು ವರ್ಷವಾದರೂ ಅವನು ಮರೆತಿರಲಿಲ್ಲ. ಏನು ಬೇಕು ಎಂದು ಕೇಳಲಿಲ್ಲ. ಕ್ವಾರ್ಟರು, ಉಪ್ಪು ಹಚ್ಚಿದ ಶೇಂಗಾ, ಹೆಚ್ಚಿದ ಈರುಳ್ಳಿ, ಅದರ ಮೇಲೆ ನಿಂಬೆಹಣ್ಣು ಹಿಂಡದೆ ಪಕ್ಕಕ್ಕಿಟ್ಟು, ಗೂಳಪ್ಪನಿಗೆ ಹೇಗೆ ಬೇಕೋ ಹಾಗೇ ತಂದ. ಗ್ಲಾಸಿಗೆ ತುಂಬಿ ಕೈಗೆ ಕೊಟ್ಟ.

ಊರಲ್ಲಿ ತಾಯಿ ಸತ್ತ ಮೇಲೆ ತನಗೇನು ಸೇರುತ್ತದೆಂದು ಕೇಳದೆ ನೆನಪಿಟ್ಟವರು ಗೂಳಪ್ಪನಿಗೆ ಹೆಚ್ಚು ಜನರಿರಲಿಲ್ಲ. ಗ್ಲಾಸು ಅಂಗೈಗೆ ತಣ್ಣಗೆ ಹತ್ತಿತು. ಅದನ್ನು ಹಿಡಿಯುವಾಗ ಬೆರಳು ಎಲ್ಲಿರಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೈ ಭಾಳ ಚಲೋ ಅದ. ಸೋಮವಾರ ಬೆಳಿಗ್ಗೆ ತಾನೇ ಆಡಿದ ಆ ಮಾತು ನೆನಪಾಯಿತು. ಗ್ಲಾಸನ್ನು ಮಿಥುನನ ತಟ್ಟೆಗೆ ವಾಪಸು ಇಡಲು ಹೋದ. ಮಿಥುನ ಪ್ರೀತಿಯಿಂದ ಮುಂದಕ್ಕೆ ದೂಡಿದ. ಇವನು ಹಿಂದಕ್ಕೆ, ಅವನು ಮುಂದಕ್ಕೆ. ಮೂರನೆಯ ಸಲಕ್ಕೆ ಗ್ಲಾಸು ಗೂಳಪ್ಪನ ಎದೆಯ ಮೇಲೆ ಪೂರ್ತಿ ಖಾಲಿಯಾಯಿತು.

ಕೊರಳಿಂದ ಹೊಟ್ಟೆಯವರೆಗೆ ಒದ್ದೆಯಾಗಿ, ನಾಲಿಗೆಗೆ ಒಂದು ಹನಿಯೂ ತಾಗದೆ ಹೊರಗೆ ಬಂದರೆ, ಮೆಟ್ಟಿಲ ಕೆಳಗೆ ಸ್ಕೂಟರಿನ ಮೇಲೆ ಲೋಕನಾಥ ಕೂತಿದ್ದ.

"ಸ್ಟೇಟಸ್ ನೋಡಿದೆಪಾ," ಎಂದ. ಮನೋಜನ ಕಟ್ಟಡದಲ್ಲೇ ಲೋಕನಾಥ ಲಿಫ್ಟ್ ನೋಡಿಕೊಳ್ಳುತ್ತಿದ್ದ. "ನೋಡಿ ಜೀವ ತಡೀಲಿಲ್ಲ. ಮುಕ್ತಕ್ಕಗ ತೋರಿಸಿ, ಸೀದಾ ಬಂದೆ. ಜಲಸಾಗರದಾಗ ನೋಡಿದೆ, ಗುಲಶನ್ನಾಗ ನೋಡಿದೆ. ಇಲ್ಲೇ ಇದ್ದೀ."

"ಮುಕ್ತಾಗ ತೋರಿಸಿದ್ಯಾ?"

"ಕಾಳಜೀಲೆ ತೋರಿಸಿದೆ ಮಾರಾಯಾ. ಹತ್ತು, ಮನಿಗೆ ಬಿಡ್ತೀನಿ." ಮೂಗು ಮುಂದೆ ತಂದ. "ಅಯ್ಯ ಶಿವನ, ಅಂಗಿಗೂ ಕುಡಿಸೀಯಲ್ಲೋ!"

"ನಾ ಇಲ್ಲೊಬ್ಬ ಗೆಳ್ಯಾನ್ನ ನೋಡಾಕ ಬಂದಿದ್ದೆ."

"ಮೂರೂ ಕಡೆ ಗೆಳ್ಯಾರು ಅದಾರೇನು?"

ಗೂಳಪ್ಪ ತಿರುಗಿದ. ಓಡಿದ. ನಲವತ್ತೇಳು ವಯಸ್ಸಿನ ಮುಕಾದಮ ಕ್ಯಾಂಪಿನ ಶನಿವಾರದ ಜನಜಂಗುಳಿಯಲ್ಲಿ ಹಗ್ಗ ಕಡಿದುಕೊಂಡ ಕರುವಿನ ಹಾಗೆ ಓಡಿದ. ಹಿಂದೆ ಲೋಕನಾಥ ಸ್ಕೂಟರಿನಲ್ಲಿ ಹಾರ್ನ್ ಹೊಡೆಯುತ್ತ, "ಯಾರರೆ ಹಿಡೀರಿ, ನಮ್ಮ ಮನಿ ಪಕ್ಕದವ, ಕುಡದಾನ," ಎಂದು ಕನ್ನಡದಲ್ಲೇ ಕೂಗುತ್ತ ಬಂದ. ಅಲ್ಲಿ ಯಾರಿಗೂ ಅದು ತಿಳಿಯಲಿಲ್ಲ. ಗೂಳಪ್ಪ ಕೇಕಿನ ಅಂಗಡಿಗೆ ನುಗ್ಗಿದ, ಮುಂಬಾಗಿಲಿನಿಂದ ಹೊಕ್ಕು, ಒಲೆಗಳ ನಡುವೆ ಹಾದು, ಹಿಂಬಾಗಿಲಿನಿಂದ ಹೊರಬಿದ್ದ. ಬಿದ್ದದ್ದು ಒಂದು ಸಂದಿಗೆ. ಎದುರಿಗೆ ಶಾಲೆಯ ಹಿಂಬಾಗಿಲು.

ಮೇಲಿನ ಕೋಣೆ ಒಂದನೆಯ ತರಗತಿಯದು. ಗೋಡೆಯ ಮೇಲೆ ಮರಾಠಿ ವರ್ಣಮಾಲೆ. ಸಣ್ಣ ಮಕ್ಕಳ ಬೆಂಚುಗಳಲ್ಲಿ ಹದಿನೈದು ಜನ ದೊಡ್ಡ ಗಂಡಸರು ಮೊಳಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದರು. ಒದ್ದೆ ಅಂಗಿಯ ವಾಸನೆ ಇವನಿಗಿಂತ ಮೊದಲೇ ಒಳಗೆ ಹೋಗಿರಬೇಕು. ಒಬ್ಬರೂ ಮೂಗು ಮುರಿಯಲಿಲ್ಲ. ಮುಂದೆ ಕೂತಿದ್ದ ಬೋಳುತಲೆಯವರು ಬೆಂಚು ತೋರಿಸಿ, "ಫ್ಯಾನಿನ ಕೆಳಗೆ ಕೂತುಕೊಳ್ಳಿ, ಒಣಗುತ್ತದೆ," ಎಂದರು. ಫೋನಿನ ದನಿ.

ಪರಿಚಯ ಹೇಳಿ ಎಂದಾಗ ಗೂಳಪ್ಪ ಎದ್ದು, ಯಾವ ಕಚೇರಿಗೆ ಹೋದರೂ ಹೇಳುವಂತೆ, ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಊರು, ತಾಲೂಕು, ಚಾಳಿನ ನಂಬರು ಎಲ್ಲ ಒಪ್ಪಿಸಿ, ಕಿಸೆಯಿಂದ ಆಧಾರ್ ಕಾರ್ಡು ತೆಗೆದ. ಕೋಣೆಯಲ್ಲಿ ಮೆಲ್ಲಗೆ ನಗೆ ಎದ್ದಿತು. "ಇಷ್ಟೊಂದು ಇಲ್ಲಿ ಬೇಡ," ಎಂದರು ಬೋಳುತಲೆಯವರು. "ಗೂಳಪ್ಪ ಸಾಕು."

ಬರೀ ಗೂಳಪ್ಪ. ಅಷ್ಟು ಹಗುರವಾದ ಹೆಸರಿನೊಡನೆ ಅವನು ಎಂದೂ ಕೂತಿರಲಿಲ್ಲ.

"ಇವತ್ತು ನಮ್ಮೊಬ್ಬರಿಗೆ ಒಂಬತ್ತು ವರ್ಷ ತುಂಬಿತು. ಕುಡಿಯುವುದು ಬಿಟ್ಟ ದಿನವೇ ನಮಗೆ ಹುಟ್ಟುಹಬ್ಬ," ಎಂದು ಬೋಳುತಲೆಯವರು ಕೇಕಿನ ಡಬ್ಬಿ ತೆರೆದರು. ಮೇಲೆ ಕೆಂಪು ಕ್ರೀಮಿನಲ್ಲಿ 9 ಎಂದು ಬರೆದಿತ್ತು. ಹಿಂದಿನ ಬೆಂಚಿನಿಂದ ಇಸ್ತ್ರಿ ಮಾಡಿದ ಧೋತರದ ಒಬ್ಬರು ಎದ್ದು ಮುಂದೆ ಬಂದರು.

"ನನ್ನ ಹೆಸರು ಚಂದ್ರಪ್ಪ. ನಾನೊಬ್ಬ ಕುಡುಕ."

ಗೂಳಪ್ಪ ಬೆಂಚಿನಲ್ಲಿ ಸಿಕ್ಕಿಕೊಂಡಿದ್ದರಿಂದ ಬೀಳಲಿಲ್ಲ.

ಚಂದ್ರಪ್ಪ ಇವನನ್ನು ಆಗಲೇ ನೋಡಿದ್ದ. ನೋಡಿಯೂ ನಿಲ್ಲಿಸಲಿಲ್ಲ. ಮರಾಠಿಯಲ್ಲಿ ನಿಧಾನವಾಗಿ ಹೇಳಿದ. ಹೆಂಡತಿ ಊರಲ್ಲಿ ಅತ್ತೆಮಾವನನ್ನು ನೋಡಿಕೊಂಡಿದ್ದಳು. ತಾನು ಇಪ್ಪತ್ತೆರಡು ವರ್ಷ ಖಡಕಿಯಲ್ಲಿ ಒಂದು ಕೋಣೆಯಲ್ಲಿ ಒಬ್ಬನೇ. ಹಿರಿಯರು ತೀರಿಕೊಂಡ ಮೇಲೆ ಅವಳು ಬರುತ್ತೇನೆಂದು ಫೋನು ಮಾಡಿದಳು. ಅವಳು ಬರುವ ಹಿಂದಿನ ದಿನ ಕೋಣೆ ಗುಡಿಸಿದರೆ ಖಾಲಿ ಬಾಟಲಿ ಎರಡು ಗೋಣಿಚೀಲ ಆದವು. "ಎಲ್ಲಿ ಎಸೆಯುವುದು ತಿಳಿಯದೆ ಚೀಲಗಳ ನಡುವೆ ಕೂತು ಅತ್ತೆ. ಆಮೇಲೆ ಇಲ್ಲಿಗೆ ಬಂದೆ. ಕುಡಿಯುವುದು ಬಿಟ್ಟೆ. ಸುಳ್ಳು ಬಿಡಲಿಲ್ಲ. ಪ್ರತಿ ಶನಿವಾರ ಅವಳಿಗೆ ಪ್ರವಚನ ಎಂದು ಹೇಳಿ ಬರುತ್ತೇನೆ."

ಸಭೆ ಮುಗಿದು ಚಹಾ ಕುಡಿಯುವಾಗ ಗೂಳಪ್ಪ ಬೋಳುತಲೆಯವರ ಹತ್ತಿರ ಹೋಗಿ, ಬಂದದ್ದಕ್ಕೆ ಒಂದು ಚೀಟಿ ಬೇಕು, ಸಿಕ್ಕಾ ಇದ್ದರೆ ಇನ್ನೂ ಒಳ್ಳೆಯದು ಎಂದ. ಅವರು ತಲೆ ಅಲ್ಲಾಡಿಸಿದರು. ಇಲ್ಲಿ ಹಾಜರಿಯಿಲ್ಲ, ಪುಸ್ತಕವಿಲ್ಲ, ಸಿಕ್ಕಾ ಇಲ್ಲ. ಯಾರು ಬಂದಿದ್ದರು ಎಂದು ಯಾರೂ ಯಾರಿಗೂ ಹೇಳುವುದಿಲ್ಲ. "ಆ ಧೈರ್ಯಕ್ಕೇ ಎಲ್ಲರೂ ಬರುವುದು."

ಮೆಟ್ಟಿಲ ಹತ್ತಿರ ಚಂದ್ರಪ್ಪ ಕಾದಿದ್ದ. ಕೇಕಿನಲ್ಲಿ 9 ಬರೆದಿದ್ದ ತುಂಡನ್ನೇ ಕಾಗದದಲ್ಲಿ ಸುತ್ತಿ ಕೈಗಿಟ್ಟ. "ಇದರಕಿಂತ ಹೆಚ್ಚಿಂದು ಇಲ್ಲಿ ಏನೂ ಸಿಗೂದಿಲ್ಲೋ ತಮ್ಮಾ."

"ಮಾಮಾ, ನೀವು..."

"ಇಲ್ಲಿ ಕಂಡದ್ದು ಇಲ್ಲೇ, ಗೂಳಪ್ಪ. ಶಾಮಲಾಗ ಗೊತ್ತಾದ್ರ ನಾ ಉಳಿಯೂದಿಲ್ಲ."

ಹೇಳುವುದಿಲ್ಲವೆಂದು ಗೂಳಪ್ಪ ಮಾತು ಕೊಟ್ಟ. ಇಬ್ಬರೂ ಬೇರೆ ಬೇರೆ ಬಸ್ಸು ಹಿಡಿದರು.

ಗೂಳಪ್ಪ ಮನೆ ಮುಟ್ಟುವ ಹೊತ್ತಿಗೆ ಬಾಗಿಲಲ್ಲಿ ಅರ್ಧ ಚಾಳು ನೆರೆದಿತ್ತು. ನಡುವೆ ಕುರ್ಚಿಯ ಮೇಲೆ, ಎಂದಿನಂತೆ, ಚಂದ್ರಪ್ಪ. ಪಕ್ಕದಲ್ಲಿ ಲೋಕನಾಥ ಮೊಬೈಲು ಕೈಯಿಂದ ಕೈಗೆ ಕೊಡುತ್ತಿದ್ದ. ಜಲಸಾಗರದ ಬೋರ್ಡಿನ ಕೆಳಗೆ ಗೂಳಪ್ಪ ಮದುವೆ ಮಂಟಪದ ಮದುಮಗನ ಹಾಗೆ ನಿಂತಿದ್ದ.

"ಜಲಸಾಗರ ಒಂದು," ಲೋಕನಾಥ ಬೆರಳು ಮಡಚಿದ. "ಗುಲಶನ್ ದಾಟಿ ಹೋಗ್ಯಾನ, ಅದು ಎರಡು. ಸಿಲ್ವರ್ ಮೂನಿನಿಂದ ಹೊರಗ ಬರೂದನ್ನ ನಾನ ಕಣ್ಣಾರೆ ಕಂಡೀನಿ. ಅಂಗಿ ಮೂಸ್ರಿ ಬೇಕಾದ್ರ."

ಯಾರಿಗೂ ಮೂಸಬೇಕಾಗಲಿಲ್ಲ. ಮುಕ್ತಾ ಗಂಡನ ಎದುರಿಗೆ ಬಂದು ನಿಂತಳು. ಆರು ದಿನದ ಮೇಲೆ ಮೊದಲ ಸಲ ಅವನಿಗೇ ನೇರವಾಗಿ ಕೇಳಿದಳು.

"ಹೋಗಿದ್ರೇನು?"

"ಹೋಗಿದ್ದೆ."

"ಗುರ್ತು?"

ಗೂಳಪ್ಪ ಕಾಗದದ ಪೊಟ್ಟಣ ಕೊಟ್ಟ. ಬಸ್ಸಿನ ನೂಕುನುಗ್ಗಲಿನಲ್ಲಿ ಕೇಕು ಚಪ್ಪಟೆಯಾಗಿತ್ತು. ಆದರೂ 9 ಓದಬಹುದಿತ್ತು.

"ಕೇಕು," ಎಂದಳು ಮುಕ್ತಾ. ಅವಳ ದನಿ ಒಡೆಯಿತು. "ನಾ ಇಲ್ಲಿ ಚೀಲಾ ಕಟ್ಟಿ ಕುಂತೀನಿ. ನೀವು ಬಾರಿನ್ಯಾಗ ಕೂಸಿನ ಹುಟ್ಟಿದಹಬ್ಬ ಮಾಡಿ ಬಂದೀರಿ? ಯಾರ ಕೂಸದು, ಒಂಬತ್ತು ವರ್ಷದ್ದು?"

ಚಾಳಿನವರು ಒಂದು ಹೆಜ್ಜೆ ಹತ್ತಿರ ಬಂದರು. ಗೂಳಪ್ಪ ಕುರ್ಚಿಯ ಕಡೆ ನೋಡಿದ, ಕೂಡಲೆ ಕಣ್ಣು ತಿರುಗಿಸಿ ನೆಲ ನೋಡಿದ. "ಅದನ್ನ ಹೇಳಾಕ ಬರೂದಿಲ್ಲ."

"ಯಾಕ?"

"ಮಾತ ಕೊಟ್ಟೀನಿ."

ಕೊಟ್ಟ ಮಾತನ್ನು ಅವನು ಹೀಗೆ ಹಲ್ಲು ಕಚ್ಚಿ ಹಿಡಿದುಕೊಂಡದ್ದು ಅದೇ ಮೊದಲು. ನೋಡಿದವರಿಗೆ ಅದು ಅಪ್ಪಟ ಕಳ್ಳನ ಮುಖದ ಹಾಗೇ ಕಾಣುತ್ತಿತ್ತು. ಮುಕ್ತಾ ತಿರುಗಿ, ಸರಿಯಾಗಿಯೇ ಇದ್ದ ಚೀಲದ ದಾರವನ್ನು ಇನ್ನೊಮ್ಮೆ ಬಿಗಿದು ಕಟ್ಟಿದಳು.

ಕುರ್ಚಿ ಕಿರುಗುಟ್ಟಿತು. ಚಂದ್ರಪ್ಪ ಎದ್ದು ನಿಂತಿದ್ದ.

"ಮುಕ್ತಾ, ನಿನ್ನ ಗಂಡ ಸುಳ್ಳ ಹೇಳವಲ್ಲ. ಅಂವಾ ಸಭಾಕ್ಕ ಬಂದಿದ್ದ. ಐದರಿಂದ ಆರೂವರೀತನಕ ಕುಂತಿದ್ದ. ಒಂದ ಹನಿ ಕುಡದಿಲ್ಲ."

"ನಿಮಗ ಹೆಂಗ ಗೊತ್ತ ಮಾಮಾ?"

"ನಾ ಹಿಂದಿನ ಬೆಂಚಿನ್ಯಾಗ ಕುಂತಿದ್ದೆ. ಆ ಕೇಕು ನಂದ. ಬಿಟ್ಟು ಇವತ್ತಿಗೆ ಒಂಬತ್ತು ವರ್ಷಾತು."

ಗೂಳಪ್ಪನ ಕಣ್ಣು ತುಂಬಿತು. ಚಾಳಿನ ನ್ಯಾಯಾಧೀಶನೇ ಸಾಕ್ಷಿ ಹೇಳಿದ ಮೇಲೆ ಇನ್ನೇನು ಬೇಕು? ಚೀಲ ಇನ್ನೇನು ಬಿಚ್ಚಿಕೊಳ್ಳುತ್ತದೆ ಎಂದುಕೊಂಡ. ಆದರೆ ಯಾರೂ ಅವನ ಕಡೆ ನೋಡುತ್ತಿರಲಿಲ್ಲ. ಎಲ್ಲರೂ ನೋಡುತ್ತಿದ್ದದ್ದು ಶಾಮಲಾಬಾಯಿಯ ಕಡೆ.

"ಏನ ಬಿಟ್ಟು ಒಂಬತ್ತು ವರ್ಷ?" ಎಂದಳು ಅವಳು, ಬಹಳ ಮೆತ್ತಗೆ.

"ಕುಡಿಯೂದು."

"ಅಂದ್ರ ಕುಡೀತಿದ್ರಿ."

"ನೀ ಬರೂಕಿಂತ ಮದಲ."

"ಮತ್ತ ಶನಿವಾರದ ಪ್ರವಚನ?"

"ಪ್ರವಚನ ಇದ್ದಿದ್ದಿಲ್ಲ ಶಾಮಲಾ."

"ಹಂಗಾರ ಮನಿಗೆ ಬಂದು ನನಗ ಹೇಳತಿದ್ರಲ್ಲ ಶರಣರ ಕತಿ? ಮನಿ ಮಾರಿಕೊಂಡಾಂವಂದು? ಮಗಳ ಕಾಲ ಹಿಡದು ಅತ್ತಾಂವಂದು? ನಾ ಕಣ್ಣೀರ ಹಾಕಿ ಕೇಳೀನಿ. ಓಣ್ಯಾಗೆಲ್ಲಾ ಹೇಳೀನಿ. ದೀಪಾ ಹಚ್ಚೀನಿ!"

ಚಂದ್ರಪ್ಪ ತಲೆ ತಗ್ಗಿಸಿದ. "ಅಲ್ಲಿ ಮಂದಿ ತಮ್ಮ ತಮ್ಮ ಕತಿ ಹೇಳತಿದ್ದರು. ನಾ ಹೆಸರ ಅಷ್ಟ ಬದಲ ಮಾಡಿದ್ದೆ."

ಶಾಮಲಾಬಾಯಿ ತಿರುಗಿ ತನ್ನ ಮನೆಗೆ ನಡೆದಳು. ಮುಕ್ತಾ ಅವಳು ಹೋದ ದಾರಿ ನೋಡಿದಳು, ಮಾವನನ್ನು ನೋಡಿದಳು, ಕಡೆಗೆ ಗಂಡನನ್ನು.

"ಕುಡಿಯೋರಿಗೆ ಕುಡಿಯೋರ ಸಾಕ್ಷಿ," ಎಂದಳು. "ಇದನ್ನ ನಾ ನಂಬಬೇಕೇನು?"

"ಇಂಥಾ ದೇವರಂಥಾ ಮನಶ್ಯಾನ್ನೂ ಕೆಡಿಸಿದ್ಯಲ್ಲೋ ಗೂಳಪ್ಪ," ಎಂದು ಲೋಕನಾಥ ನಿಜವಾದ ದುಃಖದಿಂದ ಹೇಳಿದ. "ಅದೂ ಒಂಬತ್ತು ವರ್ಷದ ಹಿಂದ!"

ಆಗ ಇವರಿಬ್ಬರಿಗೂ ಪರಿಚಯವೇ ಇರಲಿಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಹತ್ತು ನಿಮಿಷದಲ್ಲಿ ಶಾಮಲಾಬಾಯಿ ಹಿಂತಿರುಗಿದಳು. ಕೈಯಲ್ಲಿ ಒಂದು ಚೀಲ. ಅದನ್ನು ಮುಕ್ತಾಳ ಚೀಲದ ಪಕ್ಕಕ್ಕಿಟ್ಟು ಕೇಳಿದಳು: "ನಾಳಿನ ಗಾಡಿಗೆ ಇನ್ನೊಂದ ಸೀಟ ಸಿಗತದೇನವಾ?"

ಬೆಳಿಗ್ಗೆ ಬಾಗಿಲಲ್ಲಿ ಒಂದು ಚೀಲವಿತ್ತು. ಈಗ ಎರಡು.

ಜನ ಚದುರಿದರು. ಗಂಡಸರಿಬ್ಬರನ್ನು ಹೊರಗೆ ಬಿಟ್ಟು ಬಾಗಿಲು ಮುಚ್ಚಿತು. ಮೆಟ್ಟಿಲ ಮೇಲೆ, ಎಣ್ಣೆ ಡಬ್ಬಿಯ ಆ ಕಡೆ ಒಬ್ಬ, ಈ ಕಡೆ ಒಬ್ಬ ಕೂತರು.

"ತಪ್ಪಾತು ಮಾಮಾ," ಎಂದ ಗೂಳಪ್ಪ. "ನಿಮ್ಮ ಮನೀನೂ ಹಾಳಾತು."

ಚಂದ್ರಪ್ಪ ತಲೆ ಅಲ್ಲಾಡಿಸಿದ. "ಇಲ್ಲೋ. ಎರಡ ಗೋಣಿಚೀಲಾ ಎಲ್ಲಿ ಒಗೀಬೇಕೊ ಗೊತ್ತಾಗದ ಒಂಬತ್ತು ವರ್ಷ ಹೊತಗೊಂಡ ಅಡ್ಡಾಡೀನಿ. ಇವತ್ತ ಇಳಿಸಿದೆ. ಅಕಿ ಕಾಲ ಮ್ಯಾಲ ಬಿತ್ತು, ಅದೊಂದ ಕೆಟ್ಟಾತು ನೋಡು."

ಗೂಳಪ್ಪ ಮಲ್ಲಿಗೆಯ ಮೋಟು ಕಡ್ಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಚಿಗುರು ಒಂದೂ ಇರಲಿಲ್ಲ. ಒಂದು ಕಡ್ಡಿಯ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಗೀರಿದ. ಒಳಗೆ ಹಸಿ ಇತ್ತು.

ಬಾಗಿಲು ನಾಲ್ಕು ಬೆರಳು ತೆರೆಯಿತು. ಮುಕ್ತಾ. ಪ್ರತಿ ಸಲ ಅವಳು ಊರಿಗೆ ಹೋಗುವಾಗ ಅವನು ಕುಡಿದು ಬಿದ್ದುಕೊಂಡಿರುತ್ತಿದ್ದ. ಅವಳೇ ಕತ್ತಲಲ್ಲಿ ಚೀಲ ಹೊತ್ತುಕೊಂಡು ಸ್ವಾರಗೇಟಿನ ಬಸ್ ನಿಲ್ದಾಣಕ್ಕೆ ಹೋಗುತ್ತಿದ್ದಳು. ಏಳುತ್ತೀರಾ ಎಂದು ಅವಳು ಕೇಳಿದ್ದೇ ಇಲ್ಲ. ಕೇಳುವುದರಲ್ಲಿ ಅರ್ಥವಿರಲಿಲ್ಲ.

"ಎರಡ ಚೀಲಾ ಅದಾವ," ಎಂದಳು ಮುಕ್ತಾ, ಗೋಡೆಯ ಕಡೆ ನೋಡುತ್ತ. "ಮುಂಜಾನೆ ಐದಕ್ಕ ಏಳ್ತೀರೇನು?"